ಬಾವಿಯಿಂದ ಅರವತ್ತು ಹೆಜ್ಜೆ

ಆ ವರ್ಷ ಸಮುದ್ರ ಮೂರನೇ ಸಲ ಮನೂಬಿಯಾಳ ಅಡುಗೆಮನೆಗೆ ಬಂದದ್ದು ಸೆಪ್ಟೆಂಬರಿನ ಒಂದು ಸೋಮವಾರ, ಅವಳು ಬಾರ್ಲಿ ಹುರಿಯುತ್ತಿದ್ದಾಗ. ಬಾಗಿಲಿನಿಂದ ಬಂದಿದ್ದರೆ ನೆಂಟರು ಬಂದರು ಅನ್ನಬಹುದಿತ್ತು. ಅದು ಬಂದದ್ದು ಹಾಸುಗಲ್ಲುಗಳ ಸಂದಿಯಿಂದ, ಸದ್ದಿಲ್ಲದೆ. ಹುಣ್ಣಿಮೆಯ ಉಬ್ಬರ. ಮನೂಬಿಯಾ ಹುರಿಯುವ ಕೈ ನಿಲ್ಲಿಸಲಿಲ್ಲ. ಈರುಳ್ಳಿ ಬುಟ್ಟಿಯನ್ನು ಕಾಲಿನಿಂದಲೇ ಮೆಟ್ಟಿಲ ಮೇಲಕ್ಕೆ ತಳ್ಳಿ, "ಲಲ್ಲಾ, ಕಾಲು ಮೇಲಿಟ್ಕೊಳ್ಳಿ, ಬಂತು" ಎಂದು ಅತ್ತೆಗೆ ಹೇಳಿದಳು.

ಅತ್ತೆ ದೂಜಾಳಿಗೆ ಎಂಬತ್ತನಾಲ್ಕು. ಅವಳು ಎರಡೂ ಕಾಲು ಎತ್ತಿ ಮಣೆಯ ಮೇಲಿಟ್ಟುಕೊಂಡು ಬೇಳೆ ಆರಿಸುವುದನ್ನು ಮುಂದುವರಿಸಿದಳು.

"ಈ ಸಲ ಬೇಗ ಬಂದುಬಿಡ್ತು. ಬಕೀಟು ಬೇಕಾಗುತ್ತೋ, ಬರಿ ಪೊರಕೆ ಸಾಕೋ?"

"ಪೊರಕೆ ಸಾಕು ಅನ್ಸುತ್ತೆ."

ಅಷ್ಟರಲ್ಲಿ ಮನೆಯ ಯಜಮಾನ ಟಿಜಾನಿ ಹೆಗಲ ಮೇಲೆ ಖರ್ಜೂರದ ಗರಿಗಳ ಹೊರೆ ಹೊತ್ತು ಒಳಗೆ ಬಂದ. ಒದ್ದೆ ನೆಲ ನೋಡಿದ, ಹೆಂಡತಿಯ ಮುಖ ನೋಡಿದ. "ಗಾಳಿ ತಿರುಗಿದೆ ಅಷ್ಟೆ" ಎಂದು ಹೊರೆಯೊಂದಿಗೆ ಹಿತ್ತಲಿಗೆ ಹೋದ. ಫೆಬ್ರವರಿಯಲ್ಲಿ ನೀರು ಬಂದಾಗ ಅವನು ಚಂದ್ರನನ್ನು ದೂರಿದ್ದ, ಏಪ್ರಿಲ್‌ನಲ್ಲಿ ದಡಕ್ಕೆ ರಾಶಿ ಬಿದ್ದ ಕಡಲಹುಲ್ಲನ್ನು. ಸಮುದ್ರವೊಂದನ್ನು ಬಿಟ್ಟು ಉಳಿದೆಲ್ಲದರ ಮೇಲೂ ಅವನಿಗೆ ಅನುಮಾನವಿತ್ತು.

ಕೆರ್ಕೆನ್ನಾ ದ್ವೀಪದ ಮರ್ಝೂಕ್ ಎಂಬ ಆ ಊರಿನಲ್ಲಿ ದಡದ ಕೇರಿಯೆಂದರೆ ಹತ್ತು ಮನೆ. ಹತ್ತಕ್ಕೂ ಟಿಜಾನಿಯೇ ಹಿರಿಯ. ಅವನು ಗರಿ ಕಡಿಯಲು ಹೊರಟರೆ ಉಳಿದ ಒಂಬತ್ತು ಮನೆಯವರೂ ಕತ್ತಿ ಮಸೆಯುತ್ತಿದ್ದರು, ಅವನು ಕೆಮ್ಮಿದರೆ ಶುಂಠಿ ಹುಡುಕುತ್ತಿದ್ದರು. ಹೀಗಾಗಿ ಅವನು ಗಾಳಿ ಅಂದರೆ ಕೇರಿಗೆಲ್ಲ ಅದು ಗಾಳಿಯೇ.

ಕಷ್ಟ ಶುರುವಾದದ್ದು ಆ ವಾರದ ಕೊನೆಗೆ, ಮಗಳು ರಾವ್ಧಾ ಮನೆಗೆ ಒಂದು ನಕ್ಷೆ ತಂದಾಗ. ರಾವ್ಧಾಳಿಗೆ ಇಪ್ಪತ್ತೇಳು ವರ್ಷ. ಎದುರು ದಡದ ಸ್ಫಾಕ್ಸ್ ಪಟ್ಟಣದಲ್ಲಿ ಓದಿ ಬಂದು, ಈಗ ದ್ವೀಪದಲ್ಲೇ ರಮ್ಲಾದ ಯೋಜನಾ ಕಚೇರಿಯಲ್ಲಿ ಕೆಲಸಕ್ಕಿದ್ದಳು. ಸಮುದ್ರ ಏರಿದರೆ ಯಾರು ಎಲ್ಲಿಗೆ ಹೋಗಬೇಕು, ಯಾವ ರಸ್ತೆ ಎತ್ತರಿಸಬೇಕು, ಯಾವ ಬಾವಿ ಉಪ್ಪಾಗುತ್ತದೆ ಎಂದು ಮನೆಮನೆ ತಿರುಗಿ ಕೇಳಿ ಬರೆದುಕೊಳ್ಳುವ ಕೆಲಸ. ಊರವರೆಲ್ಲ ಅವಳಿಗೆ ಚಹಾ ಕೊಟ್ಟು ಬಾಯಿತುಂಬ ಮಾತಾಡಿಸಿದ್ದರು. ಮನೆಯಲ್ಲಿ ಮಾತ್ರ ಈ ಮಾತು ಎತ್ತಲು ಅವಳಿಗೆ ಧೈರ್ಯ ಬಂದಿರಲಿಲ್ಲ.

ನಕ್ಷೆಯಲ್ಲಿ ದಡದುದ್ದಕ್ಕೂ ಒಂದು ಕೆಂಪು ಗೆರೆ. ಗೆರೆಯಿಂದ ಸಮುದ್ರದ ಕಡೆಗೆ ಇರುವ ಹತ್ತೂ ಮನೆಯವರಿಗೆ ಊರಾಚೆಯ ದಿಣ್ಣೆಯ ಮೇಲೆ ನಿವೇಶನ, ಗೋಡೆ ಎಬ್ಬಿಸಲು ಸಹಾಯ. ಷರತ್ತು ಒಂದೇ. ಹತ್ತೂ ಮನೆಯವರು ಒಟ್ಟಿಗೆ ಒಪ್ಪಬೇಕು, ಅಕ್ಟೋಬರಿನ ಕೊನೆಯ ಶುಕ್ರವಾರದೊಳಗೆ ಸಹಿ ಹಾಕಬೇಕು. ಇಲ್ಲದಿದ್ದರೆ ಆ ಸಹಾಯ ಪಟ್ಟಿಯಲ್ಲಿರುವ ಮುಂದಿನ ಊರಿಗೆ ಹೋಗುತ್ತದೆ.

ಟಿಜಾನಿ ನಕ್ಷೆಯನ್ನು ಕೈಯಲ್ಲಿ ಮುಟ್ಟಲೇ ಇಲ್ಲ. ಬಗ್ಗಿ ನೋಡಿದ.

"ಯಾರು ಎಳೆದದ್ದು ಈ ಗೆರೆ?"

"ಕಚೇರಿಯವರು, ಬಾಬಾ."

"ಪೆನ್ಸಿಲ್ ಯಾರ ಕೈಲಿತ್ತು?"

ರಾವ್ಧಾಳಿಗೆ ಸುಳ್ಳು ಬರುವುದಿಲ್ಲ. "ನನ್ನ ಕೈಲಿ."

"ಹುಟ್ಟಿದ ಮನೆ ಮೇಲೆ ಗೆರೆ ಎಳೆಯೋವಾಗ ಕೈ ನಡುಗಲಿಲ್ವಾ?"

"ನಡುಗ್ತು. ಅದಕ್ಕೇ ಅಲ್ಲಿ ಸೊಟ್ಟಗಿದೆ, ನೋಡಿ."

"ಐವತ್ತು ವರ್ಷದಿಂದ ಈ ನೀರಲ್ಲಿ ಗರಿ ನೆಡ್ತಿದ್ದೀನಿ. ದಡ ಎಲ್ಲಿತ್ತೋ ಅಲ್ಲೇ ಇದೆ."

"ಹಾಗಾದ್ರೆ ಸೋಮವಾರ ಅಡುಗೆಮನೇಲಿ ಇದ್ದದ್ದೇನು?"

"ಗಾಳಿ."

"ಗಾಳಿ ಇಷ್ಟು ಒದ್ದೆ ಇರುತ್ತಾ ಮಗನೇ?" ಎಂದು ಮೂಲೆಯಿಂದ ದೂಜಾ ಕೇಳಿದಳು.

ಆ ರಾತ್ರಿಯ ಊಟಕ್ಕೆ ಬಾರ್ಲಿ ಕುಸ್ಕುಸ್, ಮೇಲೆ ಒಣ ಆಕ್ಟೋಪಸ್ಸಿನ ಕೆಂಪು ಸಾರು. ನಡುವೆ ಒಂದೇ ದೊಡ್ಡ ಬಟ್ಟಲು, ಸುತ್ತ ನಾಲ್ವರು. ಅವರವರ ಮುಂದಿನ ಭಾಗ ಅವರವರು ತಿನ್ನುವುದು ಕ್ರಮ. ಟಿಜಾನಿ ಚಮಚ ತೆಗೆದುಕೊಂಡವನೇ ತನ್ನ ಪಾಲಿಗೂ ಮಗಳ ಪಾಲಿಗೂ ನಡುವೆ ಬಟ್ಟಲಿನ ತಳ ಕಾಣುವ ಹಾಗೆ ಒಂದು ಗೆರೆ ಎಳೆದ. ಸಾರು ಆ ಗೆರೆಯಲ್ಲಿ ಹರಿದು ಕೆಂಪಗೆ ನಿಂತಿತು.

"ಇದು ನನ್ನ ನಕ್ಷೆ" ಎಂದ ಅವನು, ಹೆಂಡತಿಯ ಕಡೆ ತಿರುಗಿ. "ಆ ಯೋಜನಾ ಮೇಡಂಗೆ ಹೇಳು, ಇದನ್ನ ದಾಟಬಾರದು ಅಂತ."

ಅಂದಿನಿಂದ ಅವನು ಮಗಳೊಂದಿಗೆ ನೇರ ಮಾತು ಬಿಟ್ಟ. ಎಲ್ಲವೂ ಮನೂಬಿಯಾಳ ಮೂಲಕ. ಮೂವರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿರುವಾಗಲೂ, "ಯೋಜನಾ ಮೇಡಂಗೆ ಹೇಳು, ಹರೀಸಾ ಚಟ್ನಿ ಈ ಕಡೆ ತಳ್ಳಲಿ" ಎನ್ನುತ್ತಿದ್ದ. ಮನೂಬಿಯಾ ಮೊದಲ ನಾಲ್ಕು ದಿನ, "ಹರೀಸಾ ಬೇಕಂತೆ", "ಖಾರ ಕಮ್ಮಿ ತಿನ್ನಿ ಅಂತಿದ್ದಾಳೆ" ಎಂದು ಅಂಚೆಯವಳ ಕೆಲಸ ಮಾಡಿದಳು. ಐದನೇ ದಿನ ಅವಳಿಗೆ ಬೇಜಾರಾಗಿ, ಅಪ್ಪ ಕಳಿಸಿದ ಬೈಗುಳವನ್ನು ಹೊಗಳಿಕೆ ಮಾಡಿ ತಲುಪಿಸತೊಡಗಿದಳು.

"ಆ ಮೇಡಂಗೆ ಹೇಳು, ಅವಳ ತಲೇಲಿ ಹೊಟ್ಟು ತುಂಬಿದೆ ಅಂತ."

"ರಾವ್ಧಾ, ನಿನ್ನ ಬಾಬಾ ನಿನ್ನ ಕೂದಲು ಚೆನ್ನಾಗಿದೆ ಅಂತಿದ್ದಾರೆ."

"ಥ್ಯಾಂಕ್ಸ್ ಅನ್ನಿ ಉಮ್ಮಿ."

ಟಿಜಾನಿ ಮೀಸೆಯಡಿ ನಗು ಬಂದದ್ದನ್ನು ರೊಟ್ಟಿ ಚೂರಿನಿಂದ ಮುಚ್ಚಿಕೊಂಡ. ಆದರೆ ಸೋಲಲಿಲ್ಲ.

ಮನೂಬಿಯಾಳ ಮನಸ್ಸಿನಲ್ಲಿದ್ದದ್ದು ಅವಳಿಗೊಬ್ಬಳಿಗೇ ಗೊತ್ತಿತ್ತು. ಅವಳಿಗೆ ದಿಣ್ಣೆಯ ಮನೆ ಬೇಕಿತ್ತು, ಸುಮ್ಮನೆ ಅಲ್ಲ, ತುಂಬಾ ಬೇಕಿತ್ತು. ಮೂವತ್ತೆರಡು ವರ್ಷ ಅವಳು ಆ ಅಡುಗೆಮನೆಯಲ್ಲಿ ಬೇಯಿಸಿದ್ದಳು, ಅದರಲ್ಲಿ ಕಳೆದ ಎಂಟು ವರ್ಷ ಗೋಡೆಯ ಉಪ್ಪು ಕೆರೆದಿದ್ದಳು. ಹಿಟ್ಟಿನ ಡಬ್ಬ ಪ್ರತಿ ವರ್ಷ ಒಂದು ಹಲಗೆ ಮೇಲೇರಿ, ಈಗ ಸೂರಿನ ಹತ್ತಿರ ಕೂತಿತ್ತು. ಅದನ್ನು ಇಳಿಸಲು ಕುರ್ಚಿ ಹತ್ತಬೇಕು, ಕುರ್ಚಿಯ ಕಾಲುಗಳೂ ಕೊಳೆತಿದ್ದವು. ಕತ್ತೆಗೆ ಹುಲ್ಲು ತರುವ ನೆವದಲ್ಲಿ ಅವಳು ಆಗಲೇ ಎರಡು ಸಲ ದಿಣ್ಣೆ ಹತ್ತಿ ಬಂದಿದ್ದಳು. ಏಳನೇ ನಂಬರಿನ ಗೂಟ ಹೊಡೆದ ಜಾಗದಲ್ಲಿ ಉದ್ದ ಐದು ಹೆಜ್ಜೆ, ಅಗಲ ನಾಲ್ಕು ಹೆಜ್ಜೆ ಅಳೆದು, ಒಲೆ ಬರುವಲ್ಲಿ ಮೂರು ಕಲ್ಲು ಇಟ್ಟು, ಅದರೆದುರು ಕೂತು ಸ್ವಲ್ಪ ಹೊತ್ತು ಸಮುದ್ರ ನೋಡಿದ್ದಳು. ಅಲ್ಲಿಂದ ಅದು ಬಹಳ ಚೆಂದ ಕಾಣುತ್ತಿತ್ತು, ದೂರದಲ್ಲಿ.

"ಉಮ್ಮಿ, ಇವತ್ತು ಒಂದು ತಮಾಷೆ" ಎಂದಳು ರಾವ್ಧಾ ಒಂದು ಸಂಜೆ, ಬೀನ್ಸ್ ಬಿಡಿಸುತ್ತ. "ಏಳನೇ ನಿವೇಶನದಲ್ಲಿ ಯಾರೋ ಮೂರು ಕಲ್ಲು ಜೋಡಿಸಿಟ್ಟಿದ್ದಾರೆ. ನಮ್ಮ ಎಂಜಿನಿಯರ್ ಸಿದಿ ಲಮೀನ್, ಹಳೇ ಕಾಲದ ಅವಶೇಷ ಇರಬೇಕು, ಅಗೆಯೋಕೆ ಮುಂಚೆ ತಿಳಿದವರನ್ನ ಕೇಳಬೇಕು ಅಂತ ಬರ್ಕೊಂಡಿದ್ದಾರೆ."

ಮನೂಬಿಯಾ ಬೀನ್ಸಿನಿಂದ ತಲೆ ಎತ್ತಲಿಲ್ಲ. "ಹಾಗಾ?"

"ಕಲ್ಲಿಗೆ ಮಸಿ ಕೂಡ ಇಲ್ಲ. ಹೊಸ ಕಲ್ಲು."

"ಕುರಿ ಕಾಯೋರು ಇಟ್ಟಿರಬೇಕು."

"ಇರಬೇಕು" ಎಂದಳು ಮಗಳು, ತಾಯಿಯ ಕೆಂಪಾದ ಕಿವಿ ನೋಡುತ್ತ. ಹಿತ್ತಲಲ್ಲಿ ಗರಿ ಸವರುತ್ತಿದ್ದ ಟಿಜಾನಿಯ ಕತ್ತಿಯ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಅಕ್ಟೋಬರ್ ಹುಟ್ಟಿತು. ಗರಿಬೇಲಿ ಕಟ್ಟುವ ಕಾಲ. ದಡದಿಂದ ಸಮುದ್ರದೊಳಕ್ಕೆ ಖರ್ಜೂರದ ಗರಿಗಳನ್ನು ಸಾಲಾಗಿ ನೆಟ್ಟು, ಕೊನೆಯಲ್ಲಿ ಬುಟ್ಟಿಬಲೆಗಳನ್ನು ಇಟ್ಟರೆ, ಇಳಿತಕ್ಕೆ ಹಿಂದಿರುಗುವ ಮೀನು ಬೇಲಿಗುಂಟ ತಾನಾಗಿ ಬಂದು ಬೀಳುತ್ತದೆ. ಶರ್ಫಿಯಾ ಎನ್ನುತ್ತಾರೆ ಅದಕ್ಕೆ. ಬೇಸಿಗೆಯಲ್ಲಿ ಕಿತ್ತು, ಪ್ರತಿ ವರ್ಷ ಹೊಸದಾಗಿ ನೆಡಬೇಕು. ಮತ್ತು ಯಾರು ಬೇಕಾದರೂ ಎಲ್ಲಿ ಬೇಕಾದರೂ ನೆಡುವ ಹಾಗಿಲ್ಲ. ಆ ಊರಿನಲ್ಲಿ ಹೊಲದ ಹಾಗೆ ಸಮುದ್ರಕ್ಕೂ ಒಡೆಯರಿದ್ದಾರೆ, ಹೆಸರಿದೆ, ಗಡಿಯಿದೆ, ತಾತನಿಂದ ಮೊಮ್ಮಗನಿಗೆ ಬಂದ ಪತ್ರವಿದೆ. ಟಿಜಾನಿಯ ಸಮುದ್ರದ ಹೆಸರು ಕುಂಟ ಒಂಟೆ.

ಬೇಲಿ ನೆಡಲು ಇಬ್ಬರು ಬೇಕು, ಗರಿ ಹಿಡಿಯಲು ಒಬ್ಬರು, ಒತ್ತಲು ಒಬ್ಬರು. ಹತ್ತು ವರ್ಷದಿಂದ ಹಿಡಿಯುವವಳು ರಾವ್ಧಾ. ಅವಳು ಈ ವರ್ಷವೂ ಹಳೆಯ ಪ್ಯಾಂಟ್ ಏರಿಸಿಕೊಂಡು ಬಾಗಿಲಲ್ಲಿ ನಿಂತಳು.

"ಮೇಡಂಗೆ ಹೇಳು, ಕಚೇರಿ ಕೈಗೆ ಮುಳ್ಳು ಚುಚ್ಚುತ್ತೆ" ಎಂದ ಟಿಜಾನಿ. "ನೀನೇ ಬಾ."

"ನಾನಾ? ಐವತ್ತನಾಲ್ಕು ವರ್ಷಕ್ಕೆ?"

"ಸಮುದ್ರ ವಯಸ್ಸು ಕೇಳಲ್ಲ."

ಹೀಗೆ ಮನೂಬಿಯಾ ಲಂಗ ಸೊಂಟಕ್ಕೆ ಸಿಕ್ಕಿಸಿ, ತಲೆಗೆ ಒಣಹುಲ್ಲಿನ ಟೊಪ್ಪಿ ಇಟ್ಟು ಸಮುದ್ರಕ್ಕಿಳಿದಳು. ಟಿಜಾನಿ ಮೊಣಕಾಲು ಮುಳುಗುವಷ್ಟು ನೀರಿಗೆ ನಡೆದು ನಿಂತ. "ಮೊದಲ ಗರಿ ಇಲ್ಲಿ. ಮೊಣಕಾಲು ನೀರಲ್ಲಿ ಶುರು ಮಾಡಬೇಕು. ಅಪ್ಪ ಹಾಗೇ ಹೇಳಿಕೊಟ್ಟದ್ದು, ಅವರಪ್ಪ ಅವರಿಗೆ."

ಅವಳು ಹಿಡಿದಳು, ಅವನು ಒತ್ತಿದ. ಮೂರು ದಿನ ಹಾಗೇ ನಡೆಯಿತು. ಮನೂಬಿಯಾಳಿಗೆ ನೆಗಡಿಯಾಯಿತು, ಆದರೆ ಅವಳಿಗೆ ಆ ಕೆಲಸ ಹಿಡಿಸಿತೆಂದೂ ಹೇಳಬೇಕು. ಮದುವೆಯಾದ ಮೇಲೆ ಗಂಡನ ಜೊತೆ ಇಷ್ಟು ಹೊತ್ತು ಬೇರೆ ಯಾರೂ ಇಲ್ಲದೆ ಇದ್ದದ್ದು ಅವಳಿಗೆ ನೆನಪಿರಲಿಲ್ಲ. ಮೂರನೇ ದಿನ ಸೊಂಟಮಟ್ಟದ ನೀರಿನಲ್ಲಿ ಅವಳ ಹೆಬ್ಬೆರಳು ಯಾವುದಕ್ಕೋ ಬಡಿಯಿತು.

"ಅಯ್ಯೋ, ಏನಿದು ಇಲ್ಲಿ?"

"ದುಂಡು ಕಲ್ಲು. ಉಂಗುರದ ಹಾಗೆ ಇದಾವೆ. ತಾತ ಬಲೆ ಕಟ್ಟೋಕೆ ಹಾಕಿಸಿದ್ದಿರಬೇಕು. ಸುತ್ತು ಹಾಕಿ ಬಾ."

"ಮೊದಲೇ ಹೇಳಬಾರದಾ?"

"ರಾವ್ಧಾಗೆ ಗೊತ್ತಿತ್ತು" ಎಂದವನು, ಮಗಳ ಹೆಸರು ಬಾಯಿಂದ ಜಾರಿದ್ದಕ್ಕೆ ತಾನೇ ಸಿಡುಕಿ, ಮುಂದಿನ ಗರಿಯನ್ನು ಅಗತ್ಯಕ್ಕಿಂತ ಜೋರಾಗಿ ಒತ್ತಿ ಮುರಿದ.

ಅದೇ ವಾರ ಶಾಲೆಯ ಕೋಣೆಯಲ್ಲಿ ಸಭೆ. ತಿಳಿವಳಿಕೆ ಪತ್ರ ಬರೆದವಳು ರಾವ್ಧಾ: "ಪ್ರತಿ ಮನೆಯವರೂ ತಮ್ಮ ಆಸ್ತಿಯ ಪತ್ರ ತರತಕ್ಕದ್ದು." ಸ್ಫಾಕ್ಸ್‌ನಿಂದ ಬರುವ ಎಂಜಿನಿಯರಿಗೆ ಬೇಕಾದದ್ದು ಮನೆಯ ಪತ್ರ ಎಂದು ಅವಳು ಬರೆಯಲಿಲ್ಲ. ದ್ವೀಪದಲ್ಲಿ ಹುಟ್ಟಿದವಳು, ಹೊಳೆಯಲಿಲ್ಲ. ಮರ್ಝೂಕಿನಲ್ಲಿ ಆಸ್ತಿ ಅಂದರೆ ಯಾರಿಗಾದರೂ ಮೊದಲು ನೆನಪಾಗುವುದು ಸಮುದ್ರ. ಮನೆಗೆ ಪತ್ರ ಯಾರು ಮಾಡಿಸುತ್ತಾರೆ? ಅದು ಎಲ್ಲಿಗೂ ಹೋಗುವುದಿಲ್ಲವಲ್ಲ.

ಸಿದಿ ಲಮೀನ್ ಮೆತ್ತಗಿನ ಮನುಷ್ಯ. ಮಕ್ಕಳ ಬೆಂಚಿನಲ್ಲಿ ಮೊಣಕಾಲು ಗದ್ದಕ್ಕೆ ತಾಗುವ ಹಾಗೆ ಕೂತು, ಜನ ಪತ್ರ ಇಟ್ಟು ತಂದಿದ್ದ ತಗಡಿನ ಡಬ್ಬಗಳಲ್ಲಿ ಮೊದಲನೆಯದನ್ನು ತೆರೆದು, ಮೊದಲ ಪತ್ರ ಬಿಡಿಸಿದ. ಅದು ಪಕ್ಕದ ಮನೆಯ ಶಾಧ್ಲಿಯದು, ಮೇಲೆ ಹೊಸ ನಕಲು ಅಂಟಿಸಿದ್ದು.

"ಇದರಲ್ಲಿ ಉತ್ತರಕ್ಕೆ ಸಮುದ್ರ ಅಂತಿದೆ."

"ಹೌದು ಸಿದಿ."

"ಪೂರ್ವಕ್ಕೆ ಸಮುದ್ರ. ಪಶ್ಚಿಮಕ್ಕೆ ಟಿಜಾನಿ ಮನೆತನದವರ ಸಮುದ್ರ. ದಕ್ಷಿಣಕ್ಕೂ ನೀರೇ."

"ಸರಿಯಾಗಿದೆ."

"ಮಧ್ಯದಲ್ಲಿ ಏನಿದೆ?"

"ಮಧ್ಯದಲ್ಲೂ ಸಮುದ್ರವೇ. ಅದೇ ನನ್ನದು" ಎಂದ ಶಾಧ್ಲಿ, ಇಷ್ಟು ಓದಿದವನಿಗೆ ಇದೂ ತಿಳಿಯದೇ ಎಂಬ ಮುಖ ಮಾಡಿ.

ಸಿದಿ ಲಮೀನ್ ಕನ್ನಡಕ ತೆಗೆದು ಒರೆಸಿಕೊಂಡ. ಎರಡನೇ ಡಬ್ಬದಲ್ಲೂ ಸಮುದ್ರ, ಮೂರನೆಯದರಲ್ಲೂ ಸಮುದ್ರ. ರಾವ್ಧಾ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ಟಿಜಾನಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಬೇಕಿರಲಿಲ್ಲ. ಎದ್ದು ನಿಂತ.

"ನೋಡಿದ್ರಾ ಸಿದಿ? ನಮ್ಮ ಆಸ್ತಿ ಇರೋದೇ ನೀರಲ್ಲಿ. ಅದನ್ನ ಹೊತ್ಕೊಂಡು ದಿಣ್ಣೆ ಹತ್ತೋಕಾಗುತ್ತಾ? ಸಮುದ್ರ ಅದರ ಜಾಗದಲ್ಲಿದೆ, ನಾವು ನಮ್ಮ ಜಾಗದಲ್ಲಿದ್ದೀವಿ. ಇಲ್ಲಿದೆ ನೋಡಿ, ನಮ್ಮ ತಾತನಪ್ಪನ ಕಾಲದ್ದು" ಎಂದು ದೂಜಾಳ ಪೆಟ್ಟಿಗೆಯಿಂದ ತಂದ ಹಳದಿ ಕಾಗದವನ್ನು ಮೇಜಿನ ಮೇಲಿಟ್ಟ.

ಹಳೆಯ ಬರಹ, ಒಂದಕ್ಕೊಂದು ಹೆಣೆದ ಅಕ್ಷರ. ಸಿದಿ ಲಮೀನ್ ತಿರುಗಿಸಿ ಮುರುಗಿಸಿ ನೋಡಿದ, ಅವನಿಂದಾಗಲಿಲ್ಲ. ಟಿಜಾನಿಯ ಮನೆಯಲ್ಲೂ ಮೂರು ತಲೆಮಾರಿನಿಂದ ಅದನ್ನು ಮುತ್ತಿಟ್ಟು ಒಳಗಿಟ್ಟಿದ್ದರೇ ಹೊರತು ಓದಿರಲಿಲ್ಲ. ಕಾಲೇಜಿನಲ್ಲಿ ಹಳೆಯ ಪತ್ರ ಬಿಡಿಸಲು ಕಲಿತು ಆ ಬರಹ ಓದಬಲ್ಲವಳು ಕೋಣೆಯಲ್ಲಿ ಒಬ್ಬಳೇ ಇದ್ದಳು. ಟಿಜಾನಿ ಹೆಂಡತಿಯ ಕಡೆ ತಿರುಗಿದ.

"ಆ ಮೇಡಂಗೆ ಹೇಳು, ಓದಲಿ. ಗಟ್ಟಿಯಾಗಿ."

ರಾವ್ಧಾ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಧಾನವಾಗಿ ಓದಿದಳು. "ಕುಂಟ ಒಂಟೆ ಎಂಬ ಹೆಸರಿನ ಸಮುದ್ರ. ಹಾಜ್ ಸಾಸಿಯವರದು. ಉತ್ತರಕ್ಕೆ ಆಳದ ನೀರು. ಪಶ್ಚಿಮಕ್ಕೆ ಕಾಲುವೆ. ಪೂರ್ವಕ್ಕೆ ನೆರೆಯವರ ಸಮುದ್ರ. ದಕ್ಷಿಣಕ್ಕೆ ದಡ. ದಡದ ಗುರುತು..." ಅವಳು ನಿಲ್ಲಿಸಿದಳು.

"ಏನಂತೆ?" ಎಂದ ಟಿಜಾನಿ, ನೇರವಾಗಿ.

"ದಡದ ಗುರುತು, ಹಾಜ್ ಸಾಸಿಯವರ ಅಂಜೂರದ ತೋಟದ ಸಿಹಿನೀರಿನ ಬಾವಿ. ದುಂಡಗೆ ಕಲ್ಲು ಕಟ್ಟಿದ್ದು. ಬಾವಿಯಿಂದ ಅರವತ್ತು ಹೆಜ್ಜೆ ದಾಟಿದ ಮೇಲೆ ಸಮುದ್ರ ಶುರು."

ಅಂಜೂರದ ತೋಟ ಯಾರಿಗೂ ನೆನಪಿರಲಿಲ್ಲ, ಬಾವಿಯನ್ನು ಯಾರೂ ಕಂಡಿರಲಿಲ್ಲ. ಮನೂಬಿಯಾ ಮೂಗೊರೆಸಿಕೊಂಡು ಹೇಳಿದಳು.

"ದುಂಡು ಕಲ್ಲಾ? ನನ್ನ ಹೆಬ್ಬೆರಳು ಬಡಿದದ್ದು ಅದಕ್ಕೇ."

"ಅದೇ ಬಾವಿ" ಎಂದಳು ದೂಜಾ, ಬೆಂಚಿನ ತುದಿಯಿಂದ, ಹೊಸದೇನೂ ಹೇಳದವಳ ಹಾಗೆ. "ನಾನು ಮದುವೆಯಾಗಿ ಬಂದಾಗ ಅಲ್ಲಿ ಪಾದ ಮುಳುಗೋಷ್ಟು ನೀರಿತ್ತು. ನಮ್ಮತ್ತೆ ಚಿಕ್ಕವಳಿದ್ದಾಗ ಅದರಿಂದಾನೇ ನೀರು ಸೇದ್ತಿದ್ರಂತೆ. ಅಂಜೂರ ಮಾತ್ರ ನಾನೂ ತಿಂದಿಲ್ಲ."

"ಉಮ್ಮಿ, ಇಷ್ಟು ವರ್ಷ ಯಾಕೆ ಹೇಳಲಿಲ್ಲ?" ಟಿಜಾನಿಯ ದನಿ ಇಳಿದಿತ್ತು.

"ನೀನೆಲ್ಲಿ ಕೇಳಿದೆ?"

ಶಾಧ್ಲಿಗೆ ತಡೆಯಲಾಗಲಿಲ್ಲ. "ಹಾಗಾದ್ರೆ ಟಿಜಾನಿ, ನೀನು ಇಷ್ಟು ದಿನ ನಮಗೆ ತಿನ್ನಿಸಿದ್ದು ಸಮುದ್ರದ ಮೀನಲ್ಲ, ನಿಮ್ಮ ಮುತ್ತಾತನ ತೋಟದ ಮೀನು. ಅದಕ್ಕೇ ಸಿಹಿಯಾಗಿತ್ತು."

ಕೋಣೆಯೆಲ್ಲ ನಕ್ಕಿತು. ಟಿಜಾನಿ ನಗಲಿಲ್ಲ. ಕಾಗದ ಮಡಚಿ, ಟೊಪ್ಪಿ ಹಾಕಿಕೊಂಡು ಹೊರಟುಹೋದ.

ಮರುದಿನ ಬೆಳಿಗ್ಗೆ ಇಳಿತದ ಹೊತ್ತಿಗೆ ಮನೂಬಿಯಾ ಕಿಟಕಿಯಿಂದ ನೋಡುತ್ತಿದ್ದಳು. ಗಂಡ ಒಬ್ಬನೇ ಬೇಲಿಗುಂಟ ನಡೆದು, ದುಂಡು ಕಲ್ಲಿನ ಹತ್ತಿರ ನಿಂತು, ಕೋಲಿನಿಂದ ನಡುವೆ ತಿವಿದ. ಕೋಲು ಅರ್ಧಕ್ಕಿಂತ ಹೆಚ್ಚು ಒಳಗಿಳಿಯಿತು. ಅಲ್ಲಿಂದ ಆಳದ ಕಡೆಗೆ ಎಣಿಸುತ್ತ ಹೆಜ್ಜೆ ಹಾಕಿದ. ಮತ್ತೆ ಹಿಂದಿರುಗಿ, ಕಲ್ಲಿನಿಂದ ಮನೆಯ ಕಡೆಗೆ ಎಣಿಸುತ್ತ ಬಂದ. ಕೊನೆಯ ಹೆಜ್ಜೆ ಬಿದ್ದದ್ದು ಅಡುಗೆಮನೆಯ ಹೊಸಿಲಿನ ಮೇಲೆ. ಅವನ ತುಟಿ ಇನ್ನೂ ಅಲುಗುತ್ತಿತ್ತು.

"ಎಪ್ಪತ್ತೆರಡು" ಎಂದ. "ಆ ಕಡೆ ಅರವತ್ತು, ಈ ಕಡೆ ಎಪ್ಪತ್ತೆರಡು. ಇದನ್ನೆಲ್ಲ ಸಮುದ್ರ ನಡೆದುಕೊಂಡು ಬಂದಿದೆ, ಈ ಕಡೆಯದನ್ನ ನನ್ನ ಕಣ್ಣೆದುರೇ. ನನಗೆ ಕಾಣಲೇ ಇಲ್ಲವಲ್ಲ ಮನೂಬಿಯಾ."

"ಹೇಗೆ ಕಾಣುತ್ತೆ? ಕೂತ್ಕೊಳ್ಳಿ, ಚಹಾ ಕುಡಿಯಿರಿ."

"ಮೊಣಕಾಲು ನೀರು." ಅವನು ತನ್ನ ಮೊಣಕಾಲನ್ನೇ ಬೈಯುವಂತೆ ತಟ್ಟಿದ. "ಪ್ರತಿ ವರ್ಷ ಮೊದಲ ಗರಿ ಮೊಣಕಾಲು ನೀರಲ್ಲೇ ನೆಟ್ಟೆ. ನೀರು ಒಂದು ಹೆಜ್ಜೆ ಬಂದ್ರೆ ನಾನೂ ಒಂದು ಹೆಜ್ಜೆ ಹಿಂದೆ ಬಂದೆ. ಪ್ರತಿ ವರ್ಷ ಅದೇ ಜಾಗ ಅಂದ್ಕೊಂಡೆ. ಐವತ್ತು ವರ್ಷದಿಂದ ನಾನೇ ಬೇಲಿ ಸಮೇತ ಜಾಗ ಬಿಟ್ಟು ಓಡಿ ಬರ್ತಿದ್ದೀನಿ, ಮಗಳು ಒಂದು ಗೆರೆ ಎಳೆದಿದ್ದಕ್ಕೆ ಬಾಯಿ ಮಾಡಿದೆ."

ಮನೂಬಿಯಾಳಿಗೆ ಸಂತೋಷವಾಗಬೇಕಿತ್ತು. ಬದಲಿಗೆ ಗಂಡನ ಮುಖ ನೋಡಿ ಅವಳಿಗೆ ಅಳು ಬಂತು. ನೆಗಡಿಯ ನೆವ ಇದ್ದುದರಿಂದ ಅವನಿಗೆ ತಿಳಿಯಲಿಲ್ಲ.

ಅಂದು ಮಧ್ಯಾಹ್ನ ಮಡವೆ ಮೀನು ಹಾಕಿದ ಕುಸ್ಕುಸ್. ನಾಲ್ವರೂ ಕೂತರು. ರಾವ್ಧಾ ಅಭ್ಯಾಸಬಲದಿಂದ ತಾನೇ ಚಮಚ ತೆಗೆದುಕೊಂಡು ಅಪ್ಪನ ಗೆರೆ ಎಳೆಯಹೋದಳು. ಟಿಜಾನಿ ಅವಳ ಚಮಚ ತಡೆದ.

"ರಾವ್ಧಾ, ಒಂದು ಮಾತು ಕೇಳ್ತೀನಿ."

ದೂಜಾ ಜಗಿಯುವುದನ್ನು ನಿಲ್ಲಿಸಿದಳು. ಮೂರು ವಾರದ ಮೇಲೆ ಆ ಮನೆಯಲ್ಲಿ ಆ ಹೆಸರು ಆ ಬಾಯಿಂದ ಬಂದಿತ್ತು.

"ಕೇಳಿ ಬಾಬಾ."

"ಹಾಜ್ ಸಾಸಿಯ ತೋಟ ಮುಳುಗಿದ ಮೇಲೆ ಅಲ್ಲಿ ನಾವು ಬೇಲಿ ನೆಟ್ವಿ. ಯಾರೂ ಬೇಡ ಅನ್ನಲಿಲ್ಲ, ತೋಟ ನಮ್ಮದೇ ಆಗಿತ್ತಲ್ಲ. ನಾಳೆ ನಾವು ಈ ಮನೆ ಬಿಟ್ಟು ಹೋದ್ವಿ ಅಂತಿಟ್ಕೋ. ಇದೂ ಮುಳುಗುತ್ತೆ. ಆಗ ಇದರ ಮೇಲಿನ ಸಮುದ್ರ ಯಾರದು?"

ರಾವ್ಧಾ ಚಮಚ ಕೆಳಗಿಟ್ಟಳು. "ಬಿಟ್ಟ ಜಾಗ ಸರ್ಕಾರಕ್ಕೆ ಸೇರುತ್ತೆ ಅಂತ ಯೋಜನೇಲಿದೆ. ಅದು ಸಮುದ್ರ ಆದ ಮೇಲೆ... ಅದನ್ನ ಯಾರೂ ಯೋಚನೆ ಮಾಡಿಲ್ಲ ಬಾಬಾ."

"ಅದೇ ನೋಡು. ಮನೆ ಹೋದ್ರೆ ಹೋಗಲಿ, ಸುಣ್ಣದ ಗೋಡೆ. ಬೇಲಿ ಮುಂದೆ ಎಲ್ಲಿ ನೆಡೋದು? ಎಲ್ಲಿಂದಲೋ ದೊಡ್ಡ ದೋಣಿಯವನು ಬಂದು ನಮ್ಮ ಹೊಸಿಲ ಮೇಲೆ ಬಲೆ ಎಳೀತಾನೆ. ಶಾಧ್ಲಿಗೂ ಅದೇ ಭಯ, ಬಾಯಿಬಿಟ್ಟು ಹೇಳಲ್ಲ ಅಷ್ಟೆ."

"ನೀವೂ ಹೇಳಲಿಲ್ಲ. ಗಾಳಿ ಅಂದ್ರಿ."

"ಹೇಳೋಕೆ ನನಗೂ ಈಗಲೇ ತಿಳಿದದ್ದು" ಎಂದು ಅವನು ಮಡವೆಯ ಕೆನ್ನೆಯ ಮಾಂಸ ಬಿಡಿಸಿದ. ಅದು ಮೀನಿನಲ್ಲೇ ರುಚಿಯಾದ ತುಂಡು, ಯಜಮಾನನ ಪಾಲು. ಅದನ್ನು ಗೆರೆಯಿಲ್ಲದ ಬಟ್ಟಲಿನಲ್ಲಿ ಮಗಳ ಕಡೆಗೆ ತಳ್ಳಿದ. "ಪೆನ್ಸಿಲ್ ತಗೊಂಬಾ."

ಆಮೇಲಿನ ಎರಡು ವಾರ ಮನೂಬಿಯಾಳಿಗೆ ಹೊಸ ತಲೆನೋವು. ಅಪ್ಪ ಮಗಳು ಮಾತಾಡದೆ ಇದ್ದದ್ದೇ ವಾಸಿ ಎನಿಸಿಬಿಟ್ಟಿತು. ರೊಟ್ಟಿ ಲಟ್ಟಿಸುವ ಹಲಗೆಯ ಮೇಲೆ ನಕ್ಷೆ, ಒಲೆಯ ಪಕ್ಕ ಪತ್ರಗಳು. ಹಿಟ್ಟು ಕಲಸಲು ಜಾಗವಿಲ್ಲ. ಹತ್ತೂ ಮನೆಯವರು ಬಂದು ಹೋಗುತ್ತಿದ್ದರು, ಎಲ್ಲರಿಗೂ ಚಹಾ. ಇವರು ಬರೆದದ್ದು ಇಷ್ಟೆ: ದಿಣ್ಣೆಗೆ ಹೋಗುವ ಮನೆಯವರ ಹಳೆಯ ನೆಲದ ಮೇಲೆ ಸಮುದ್ರ ಬಂದಾಗ, ಆ ಸಮುದ್ರ ಆ ಮನೆಯವರದೇ. ಹೆಸರು, ಗಡಿ, ಪತ್ರ ಸಮೇತ, ಈಗಲೇ.

ಸಿದಿ ಲಮೀನ್ ಮೊದಲು ನಕ್ಕ. "ಇನ್ನೂ ಬಾರದ ಸಮುದ್ರಕ್ಕೆ ಪತ್ರ ಮಾಡಿಕೊಡಿ ಅಂತೀರಾ?"

"ಬರುತ್ತೆ ಅಂತ ಹೇಳಿದ್ದು ನೀವೇ" ಎಂದ ಟಿಜಾನಿ. "ಈಗ ಅನುಮಾನಾನಾ?"

ಎಂಜಿನಿಯರಿನ ನಗು ನಿಂತಿತು. ನಕ್ಷೆಯನ್ನು ತನ್ನ ಕಡೆಗೆ ಎಳೆದುಕೊಂಡು, "ಕೆಲಸಕ್ಕೆ ಸೇರಿ ಹದಿನಾಲ್ಕು ವರ್ಷ ಆಯ್ತು" ಎಂದ. "ಎಲ್ಲ ಊರಲ್ಲೂ ಜನ ಇಲ್ಲಿಂದ ಹೋಗಲ್ಲ ಅಂತ ಜಗಳ ಆಡಿದ್ದು ನೋಡಿದ್ದೀನಿ. ಮುಳುಗಿದ ಮೇಲೂ ಜಾಗ ನಮ್ಮದೇ ಅಂದವರು ನೀವೇ ಮೊದಲು." ಕಾಗದಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಸ್ಫಾಕ್ಸ್‌ನ ದೋಣಿ ಹತ್ತಿದ.

ಹತ್ತು ದಿನ ಸುದ್ದಿಯಿಲ್ಲ. ಟಿಜಾನಿ ದಿನಕ್ಕೆ ಎರಡು ಸಲ ದೋಣಿಕಟ್ಟೆಗೆ ಹೋಗಿ ಬಂದ, ಬೆನ್ನ ಹಿಂದೆ ಒಂಬತ್ತು ಮನೆಯವರು. ಕೊನೆಯ ಶುಕ್ರವಾರ ಮಧ್ಯಾಹ್ನದ ದೋಣಿಯಿಂದ ಸಿದಿ ಲಮೀನ್ ಇಳಿದಾಗ ಅವನಿಗೆ ಚೀಲ ಕೆಳಗಿಡಲೂ ಬಿಡಲಿಲ್ಲ. ಒಪ್ಪಿದ್ದರು. ಸ್ಫಾಕ್ಸ್‌ನ ಮೇಲಧಿಕಾರಿಗಳು ಮರ್ಝೂಕಿನ ಹತ್ತು ಮನೆಗೆ ಮಾತ್ರ, ನೋಡೋಣ ಎಂಬ ಷರಾ ಹಾಕಿ ಒಪ್ಪಿದ್ದರು.

ಶಾಲೆಯ ಕೋಣೆಯಲ್ಲಿ ಮೊದಲ ಸಹಿ ಟಿಜಾನಿಯದು. ಬೇರೆ ಯಾರೂ ಮೊದಲು ಹಾಕುವವರಲ್ಲ.

"ದಿಣ್ಣೆಯಲ್ಲಿ ಎಷ್ಟನೇ ನಿವೇಶನ ಬೇಕು?" ಎಂದ ಸಿದಿ ಲಮೀನ್. "ಏಳನೆಯದು ಬಿಟ್ಟು ಹೇಳಿ, ಅಲ್ಲಿ ಹಳೇ ಅವಶೇಷ ಇದೆ."

"ಏಳೇ ಬೇಕು. ಅದು ಅವಶೇಷ ಅಲ್ಲ, ನನ್ನ ಹೆಂಡತಿಯ ಒಲೆ."

ಚಹಾ ಹಂಚುತ್ತಿದ್ದ ಮನೂಬಿಯಾ ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಅವಳು ಗಂಡನ ಕಡೆ ನೋಡಿದಳು. ಅವನು ಕಾಗದದಿಂದ ಕಣ್ಣೆತ್ತಲಿಲ್ಲ.

"ಕತ್ತೆಗೆ ಹುಲ್ಲು ತರೋಕೆ ಅಷ್ಟು ದೂರ ಯಾರು ಹೋಗ್ತಾರೆ" ಎಂದಷ್ಟೇ ಹೇಳಿದ.

"ಸರಿ" ಎಂದ ಸಿದಿ ಲಮೀನ್, ಪೆನ್ನು ಹಿಡಿದು. "ಈಗ ಹೊಸ ಸಮುದ್ರ. ಗಡಿ ಹೇಳಿ."

ರಾವ್ಧಾ ಓದಿದಳು. "ಉತ್ತರಕ್ಕೆ ಕುಂಟ ಒಂಟೆ, ನಮ್ಮದೇ. ಪೂರ್ವಕ್ಕೆ ಶಾಧ್ಲಿಯವರ ಅಂಗಳ. ಪಶ್ಚಿಮಕ್ಕೆ ದಾರಿ. ದಕ್ಷಿಣಕ್ಕೆ ದಡ. ಗುರುತು, ಬಾವಿಯಿಂದ ಎಪ್ಪತ್ತೆರಡು ಹೆಜ್ಜೆ."

"ಹೆಸರು?"

ಅದನ್ನು ರಾವ್ಧಾ ಬರೆದಿರಲಿಲ್ಲ. ಹೆಸರಿಡುವುದು ಯಜಮಾನನ ಕೆಲಸ. ಟಿಜಾನಿ ಗಂಟಲು ಸರಿಮಾಡಿಕೊಂಡ.

"ಮನೂಬಿಯಾಳ ಅಡುಗೆಮನೆ."

ಯಾರೋ ನಗಲು ಹೊರಟು ನಿಲ್ಲಿಸಿದರು. ಸಿದಿ ಲಮೀನ್ ಬರೆದುಕೊಂಡ. ನೂರು ವರ್ಷದ ಮೇಲೆ ಯಾರದೋ ಮೊಮ್ಮಗ ಆ ನೀರಿನಲ್ಲಿ ನಿಂತು ಈ ಹೆಸರು ಹೇಳುತ್ತಾನೆ ಎಂದು ಮನೂಬಿಯಾಳಿಗೆ ಆಗ ಹೊಳೆಯಿತು. ಆದರೆ ಹತ್ತು ಮನೆಯವರೆದುರು ಅಳುವ ಹೆಂಗಸಲ್ಲ ಅವಳು.

"ಒಲೆ ಇರೋ ಮೂಲೇಲಿ ಬುಟ್ಟಿಬಲೆ ಇಡಬೇಡಿ ಅಂತಲೂ ಬರ್ಕೊಳ್ಳಿ" ಎಂದಳು. "ಅಲ್ಲಿ ಏನಿಟ್ರೂ ತಳ ಹಿಡಿಯುತ್ತೆ."

ಸಹಿಗಳು ಮುಗಿದು ಅವಳು ಮನೆಗೆ ಬಂದಾಗ ಸಂಜೆಯ ಉಬ್ಬರ ಏರಿತ್ತು. ಅಡುಗೆಮನೆಯಲ್ಲಿ ಪಾದ ಮುಳುಗುವಷ್ಟು ನೀರು. ಮನೂಬಿಯಾ ಪೊರಕೆಗೆ ಕೈ ಹಾಕಿದವಳು ಹಾಗೇ ನಿಂತಳು. ಒಲೆಯ ಬುಡದಲ್ಲಿ, ಕಿರುಬೆರಳಿನಷ್ಟು ಉದ್ದದ ಒಂದು ಮಡವೆ ಮರಿ, ಎಲ್ಲಿಂದ ನುಗ್ಗಿತ್ತೋ, ಆ ಕಡೆ ಈ ಕಡೆ ಓಡಾಡುತ್ತ ಜಾಗ ನೋಡುತ್ತಿತ್ತು.

ಅವಳು ಬಗ್ಗಿ, ಬೇಳೆಯ ಬಟ್ಟಲಲ್ಲಿ ನೀರಿನ ಸಮೇತ ಅದನ್ನು ಎತ್ತಿಕೊಂಡು ಹೊಸಿಲಾಚೆ ಬಿಟ್ಟಳು.

"ಇನ್ನೂ ಹೊತ್ತಿದೆ" ಎಂದಳು ಅದಕ್ಕೆ. "ನಾವು ಪಾತ್ರೆ ಎತ್ಕೊಂಡ ಮೇಲೆ ಬಾ."